ಕ್ಯಾಮೆರಾ ಯಾರ ಕಡೆ ತಿರುಗಿರಬೇಕು? ತಮ್ಮ ಪಾಠವನ್ನು ತಾವೇ ನೋಡಿ ಕಲಿಯುವ ಬಿ.ಇಡಿ. ವಿದ್ಯಾರ್ಥಿಗಳು

ಬಿ.ಇಡಿ. ಬೋಧನಾಭ್ಯಾಸದ ವಿಡಿಯೊ ಎಂದರೆ ಹೆಚ್ಚಾಗಿ ಒಂದೇ ಬಗೆಯ ಚಿತ್ರ. ಕೊನೆಯ ಬೆಂಚಿನಲ್ಲಿ ಕುಳಿತ ಸಹಪಾಠಿಯೊಬ್ಬರು ಮೊಬೈಲ್ ಎತ್ತಿ ಹಿಡಿದಿರುತ್ತಾರೆ. ಎದುರಿಗೆ ಕಪ್ಪು ಹಲಗೆ, ಹಲಗೆಯ ಮುಂದೆ ಪಾಠ ಮಾಡುವ ಪ್ರಶಿಕ್ಷಣಾರ್ಥಿ, ಕೆಳಗಡೆ ಎಣ್ಣೆ ಹಚ್ಚಿ ಬಾಚಿದ ಮೂವತ್ತು ತಲೆಗಳ ಹಿಂಭಾಗ. ಪ್ರಶಿಕ್ಷಣಾರ್ಥಿ ಬಲಕ್ಕೆ ಸರಿದರೆ ಮೊಬೈಲೂ ಬಲಕ್ಕೆ ಸರಿಯುತ್ತದೆ. ಇದನ್ನು ನೋಡಿದವರಿಗೆ ಅಕ್ಷರ ದುಂಡಗಿದೆಯೇ, ದನಿ ಕೇಳುತ್ತದೆಯೇ, ಚಾರ್ಟನ್ನು ಸರಿಯಾಗಿ ತೂಗುಹಾಕಿದ್ದಾರೆಯೇ ಎಂಬುದು ತಿಳಿಯುತ್ತದೆ. ಮಕ್ಕಳಿಗೆ ಪಾಠ ತಲುಪಿತೇ ಎಂಬುದು ಮಾತ್ರ ತಿಳಿಯುವುದಿಲ್ಲ. ಅದು ಕಾಣುವುದು ಮಕ್ಕಳ ಮುಖದಲ್ಲಿ, ಕೈಯಲ್ಲಿ, ಪುಸ್ತಕದಲ್ಲಿ. ಆ ಮೂರೂ ಈ ಚಿತ್ರದಲ್ಲಿಲ್ಲ.

ತಮ್ಮ ಪಾಠವನ್ನು ತಾವೇ ಚಿತ್ರೀಕರಿಸಿ ನೋಡುವುದು ಶಿಕ್ಷಕರಾಗಲು ಹೊರಟವರಿಗೆ ಇರುವ ಉತ್ತಮ ಸಾಧನಗಳಲ್ಲಿ ಒಂದು. ಈಗ ಅದಕ್ಕೆ ಬೇಕಾದ ಯಂತ್ರ ಪ್ರತಿಯೊಬ್ಬರ ಕೈಯಲ್ಲೂ ಇದೆ. ಹಾಗಿದ್ದೂ ಬಹಳ ಕಡೆ ವಿಡಿಯೊ ಎಂದರೆ ಕಡತಕ್ಕೆ ಸೇರಿಸುವ ಸಾಕ್ಷ್ಯವಾಗಿಬಿಟ್ಟಿದೆ. ಕ್ಯಾಮೆರಾ ಮಕ್ಕಳ ಕಡೆ ತಿರುಗಿರಬೇಕು, ತೆಗೆದ ವಿಡಿಯೊ ಪ್ರಶಿಕ್ಷಣಾರ್ಥಿಯ ಕೈಯಲ್ಲೇ ಉಳಿಯಬೇಕು. ಈ ಎರಡು ತೀರ್ಮಾನ ಗಟ್ಟಿಯಾದರೆ ಉಳಿದದ್ದೆಲ್ಲ ಕೈಕೆಲಸ.

36 ನಿಮಿಷದ ಚಕ್ರದಲ್ಲಿ ಬಿಟ್ಟುಹೋದದ್ದು

ಸೂಕ್ಷ್ಮ ಬೋಧನೆ, ಅಂದರೆ ಎಲ್ಲರ ಬಾಯಲ್ಲಿರುವ ಮೈಕ್ರೋ ಟೀಚಿಂಗ್, ಹುಟ್ಟಿದ್ದು 1963ರ ಸುಮಾರಿಗೆ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ. ಡ್ವೈಟ್ ಆಲೆನ್ ಮತ್ತು ಸಂಗಡಿಗರು ಕೆಲವೇ ಮಕ್ಕಳನ್ನು ಕೂರಿಸಿ, ಕೆಲವೇ ನಿಮಿಷ ಒಂದೇ ಕೌಶಲದ ಮೇಲೆ ಪಾಠ ಮಾಡಿಸಿ, ಅದನ್ನು ವಿಡಿಯೊ ಟೇಪಿನಲ್ಲಿ ಹಿಡಿದು ಪಾಠ ಮಾಡಿದವರಿಗೇ ತೋರಿಸುತ್ತಿದ್ದರು. ನಮ್ಮಲ್ಲಿಗೆ ಬಂದಾಗ ಅದು ಎನ್‌ಸಿಇಆರ್‌ಟಿ ರೂಪಿಸಿದ ಅಚ್ಚಿಗೆ ಬಂತು: ಪಾಠ 6 ನಿಮಿಷ, ಹಿಮ್ಮಾಹಿತಿ 6, ಮರುಯೋಜನೆ 12, ಮರುಪಾಠ 6, ಮರುಹಿಮ್ಮಾಹಿತಿ 6. ಒಟ್ಟು 36 ನಿಮಿಷ. ಬಿ.ಇಡಿ. ಓದಿದವರಿಗೆ ಈ ಲೆಕ್ಕ ಬಾಯಿಪಾಠ.

ಅಚ್ಚು ಬದಲಾದಾಗ ಎರಡು ಸಂಗತಿ ಕೈಬಿಟ್ಟವು. ಟೇಪ್ ಯಂತ್ರ ಕೊಳ್ಳುವ ಶಕ್ತಿ ಕಾಲೇಜುಗಳಿಗೆ ಇರಲಿಲ್ಲವಾದ್ದರಿಂದ ಅದರ ಜಾಗಕ್ಕೆ ಸಹಪಾಠಿಗಳು ತುಂಬುವ ವೀಕ್ಷಣಾ ಹಾಳೆ ಬಂತು. ನಿಜವಾದ ಮಕ್ಕಳ ಜಾಗದಲ್ಲಿ ಸಹಪಾಠಿಗಳೇ ವಿದ್ಯಾರ್ಥಿಗಳಾಗಿ ಕುಳಿತರು. ಮೊದಲನೆಯ ಕೊರತೆಯನ್ನು ಇಂದಿನ ಮೊಬೈಲ್ ತುಂಬಿಕೊಡುತ್ತದೆ. ಎರಡನೆಯದು ಹಾಗೇ ಉಳಿದಿದೆ. ಏಳನೇ ತರಗತಿಯ ಮಗುವಿನಂತೆ ಕುಳಿತ ಪದವೀಧರರಿಗೆ ಉತ್ತರ ಮೊದಲೇ ಗೊತ್ತು. ಅವರು ನಟಿಸಿ ತಪ್ಪು ಹೇಳಬಹುದು, ಆದರೆ ಮಗು ಯಾವ ದಾರಿಯಿಂದ ಆ ತಪ್ಪಿಗೆ ಬರುತ್ತದೆ ಎಂಬುದನ್ನು ನಟಿಸಲಾರರು. ಹಾಗಾಗಿ ಕಾಲೇಜಿನೊಳಗಿನ ಮೈಕ್ರೋ ಪಾಠದ ವಿಡಿಯೊ ದನಿ, ಹಲಗೆ ಕೆಲಸ, ವಿವರಣೆಯ ಕ್ರಮ ಇಷ್ಟನ್ನು ತಿದ್ದಿಕೊಳ್ಳಲು ಸಾಕು. ಅದರಾಚೆಯ ಕಲಿಕೆಗೆ ಶಾಲೆಗೇ ಹೋಗಬೇಕು.

ಶಾಲೆಯಲ್ಲಿ ಸಮಯವೇನೋ ಇದೆ. ಶಿಕ್ಷಕರ ಶಿಕ್ಷಣದ ರಾಷ್ಟ್ರೀಯ ಮಂಡಳಿಯಾದ ಎನ್‌ಸಿಟಿಇಯ 2014ರ ನಿಯಮಾವಳಿ ಎರಡು ವರ್ಷದ ಬಿ.ಇಡಿ.ಯಲ್ಲಿ 20 ವಾರಗಳನ್ನು ಶಾಲೆಗೆಂದೇ ಇಟ್ಟಿದೆ: ಮೊದಲ ವರ್ಷ 4 ವಾರ, ಎರಡನೇ ವರ್ಷ 16 ವಾರ. ಮಂಗಳೂರಿನ ಸರ್ಕಾರಿ ಶಿಕ್ಷಕರ ಶಿಕ್ಷಣ ಮಹಾವಿದ್ಯಾಲಯವಿರಲಿ, ಉಡುಪಿ ಕುಂಜಿಬೆಟ್ಟಿನ ಡಾ. ಟಿ.ಎಂ.ಎ. ಪೈ ಶಿಕ್ಷಣ ಮಹಾವಿದ್ಯಾಲಯವಿರಲಿ, ಎರಡು ವರ್ಷದ ಕೋರ್ಸಿಗೆ ಇದೇ ಚೌಕಟ್ಟು. 16 ವಾರದಲ್ಲಿ ಮಾರ್ಗದರ್ಶಕ ಉಪನ್ಯಾಸಕರು ಒಬ್ಬ ಪ್ರಶಿಕ್ಷಣಾರ್ಥಿಯ ಎಷ್ಟು ಪಾಠ ಕುಳಿತು ನೋಡಬಲ್ಲರು? ಕಾರ್ಕಳಕ್ಕೊಬ್ಬರು, ಮೂಲ್ಕಿಗೊಬ್ಬರು, ಬಂಟ್ವಾಳಕ್ಕೊಬ್ಬರು ಹಂಚಿಹೋಗಿರುವಾಗ ಬೆರಳೆಣಿಕೆಯಷ್ಟು ಮಾತ್ರ. ಉಳಿದ ಪಾಠಗಳಿಗೆ ಕಣ್ಣು ಬೇಕಾದರೆ ಅದು ಪ್ರಶಿಕ್ಷಣಾರ್ಥಿಯದೇ ಆಗಬೇಕು.

ಫೋನ್ ಇಡುವ ಜಾಗ

ತರಗತಿಯ ಮುಂಭಾಗದ ಮೂಲೆ, ಹಲಗೆಯ ಪಕ್ಕ, ಕಿಟಕಿಗಳಿರುವ ಗೋಡೆಯ ಬದಿ. ಇದೇ ಸರಿಯಾದ ಜಾಗ. ಅಲ್ಲಿಂದ ಕೋನವಾಗಿ ಮಕ್ಕಳ ಕಡೆ ತಿರುಗಿಸಿದರೆ ಮುಕ್ಕಾಲು ಚೌಕಟ್ಟಿನಲ್ಲಿ ಮಕ್ಕಳ ಮುಖ, ಒಂದು ಅಂಚಿನಲ್ಲಿ ಶಿಕ್ಷಕಿ. ಕಿಟಕಿ ಕ್ಯಾಮೆರಾದ ಬೆನ್ನಿಗಿರುವುದರಿಂದ ಬೆಳಕು ಮಕ್ಕಳ ಮುಖದ ಮೇಲೆ ಬೀಳುತ್ತದೆ. ಎದುರು ಗೋಡೆಗೆ ಇಟ್ಟರೆ ಕಿಟಕಿ ಬೆಳ್ಳಗೆ ಉರಿದು ಮಕ್ಕಳೆಲ್ಲ ಕಪ್ಪು ನೆರಳಾಗುತ್ತಾರೆ. ಎರಡೂ ಬದಿ ಕಿಟಕಿ ಇರುವ ಹಳೆಯ ಕಟ್ಟಡಗಳಲ್ಲಿ ಜಗಲಿಯ ಬದಿಯನ್ನು ಚೌಕಟ್ಟಿನೊಳಗೆ ಬಿಟ್ಟುಕೊಳ್ಳಿ. ಜಗಲಿಯ ಮಾಡು ಆ ಕಡೆಯ ಬೆಳಕನ್ನು ತಗ್ಗಿಸಿರುತ್ತದೆ.

ಎತ್ತರ ಐದು ಅಡಿ ಇರಲಿ. ಮೇಜಿನ ಮೇಲಿಟ್ಟರೆ ಮುಂದಿನ ಬೆಂಚಿನ ಮಕ್ಕಳೇ ಹಿಂದಿನವರನ್ನು ಮುಚ್ಚಿಬಿಡುತ್ತಾರೆ. ಟ್ರೈಪಾಡ್ ಇಲ್ಲದಿದ್ದರೆ ಕಿಟಕಿಯ ಸರಳಿಗೆ ಸಿಕ್ಕಿಸುವ ಕ್ಲ್ಯಾಂಪ್ ಹೋಲ್ಡರ್ ಸಾಕು. ಮಳೆಗಾಲದಲ್ಲಿ ಎರಚಲು ಬೀಳುತ್ತದೆ, ಆಗ ಕಿಟಕಿಯ ಬಾಗಿಲು ಹಾಕಿ, ಇಲ್ಲವೇ ಕಪಾಟಿನ ಮೇಲಿಡಿ. ಯಾರ ಕೈಗೂ ಕೊಡಬೇಡಿ. ಕೈಯಲ್ಲಿ ಹಿಡಿದವರು ತಿಳಿಯದೆಯೇ ಮಾತನಾಡುವವರನ್ನು ಹಿಂಬಾಲಿಸುತ್ತಾರೆ, ಸುಮ್ಮನೆ ಕುಳಿತ ಮಗು ಚಿತ್ರದಿಂದ ಹೊರಗಾಗುತ್ತದೆ. ನಮಗೆ ನೋಡಬೇಕಾಗಿರುವುದು ಹೆಚ್ಚಾಗಿ ಆ ಸುಮ್ಮನೆ ಕುಳಿತ ಮಗುವನ್ನೇ. ಏಳು ದೇಶಗಳ ಎಂಟನೇ ತರಗತಿಯ 638 ಗಣಿತ ಪಾಠಗಳನ್ನು ಚಿತ್ರೀಕರಿಸಿದ 1999ರ ಟಿಐಎಂಎಸ್‌ಎಸ್ (ಗಣಿತ, ವಿಜ್ಞಾನ ಕಲಿಕೆಯ ಅಂತರರಾಷ್ಟ್ರೀಯ ಅಧ್ಯಯನ) ವಿಡಿಯೊ ಅಧ್ಯಯನದಲ್ಲೂ ಎರಡು ಕ್ಯಾಮೆರಾ ಇದ್ದವು: ಒಂದು ಶಿಕ್ಷಕರ ಹಿಂದೆ ಓಡುವುದು, ಇನ್ನೊಂದು ಅಲುಗಾಡದೆ ಮಕ್ಕಳನ್ನು ನೋಡುವುದು. ಒಂದೇ ಫೋನ್ ಇರುವವರು ಆ ಎರಡನೆಯದನ್ನು ಆರಿಸಿಕೊಳ್ಳಬೇಕು.

ಸೆಟ್ಟಿಂಗಿನ ವಿಷಯ. 1080ಪಿ ಗುಣಮಟ್ಟದಲ್ಲಿ ಒಂದು ನಿಮಿಷಕ್ಕೆ ಸುಮಾರು 130 ಎಂಬಿ ಹಿಡಿಯುತ್ತದೆ. 40 ನಿಮಿಷದ ಪಿರಿಯಡ್ಡಿಗೆ 5 ಜಿಬಿ ದಾಟುತ್ತದೆ. 720ಪಿಯಲ್ಲಿ ಅದರ ಅರ್ಧಕ್ಕಿಂತ ಕಡಿಮೆ, ಮತ್ತು ಮಕ್ಕಳ ಮುಖಚಹರೆ ಓದಲು ಅಷ್ಟು ಸಾಕು. ಹಲಗೆಯ ಮೇಲಿನ ಬರಹ ಅದರಲ್ಲಿ ಸ್ಪಷ್ಟವಾಗದು. ಪಾಠ ಮುಗಿದ ಮೇಲೆ ಹಲಗೆಯ ಫೋಟೊ ಒಂದನ್ನು ಬೇರೆಯೇ ತೆಗೆದುಕೊಳ್ಳಿ. ಫೋನನ್ನು ಫ್ಲೈಟ್ ಮೋಡಿಗೆ ಹಾಕಿ, ಇಲ್ಲದಿದ್ದರೆ ನಡುವೆ ಬಂದ ಕರೆಯೊಂದು ರೆಕಾರ್ಡಿಂಗನ್ನು ನಿಲ್ಲಿಸಿಬಿಡಬಹುದು. ಲೆನ್ಸ್ ಒರೆಸಿ. ಕರಾವಳಿಯ ಸೆಕೆಗೆ ಜೇಬಿನಿಂದ ತೆಗೆದ ಫೋನಿನ ಲೆನ್ಸ್ ಮೇಲೆ ಬೆವರಿನ ಪೊರೆ ಇದ್ದೇ ಇರುತ್ತದೆ, ಮಂಜು ಕವಿದಂಥ ಚಿತ್ರಕ್ಕೆ ಕಾರಣ ಹೆಚ್ಚಿನ ಸಲ ಅದೇ. ಪರದೆಯ ಮೇಲೆ ನಡುವಿನ ಬೆಂಚಿನ ಮಗುವಿನ ಮುಖವನ್ನು ಒತ್ತಿ ಹಿಡಿದು ಫೋಕಸ್ ಮತ್ತು ಬೆಳಕನ್ನು ಲಾಕ್ ಮಾಡಿ. ಮೆಮೊರಿ ಕಾರ್ಡ್ ಹಳೆಯ ಎಫ್‌ಎಟಿ32 ಮಾದರಿಯದಾದರೆ 4 ಜಿಬಿಗಿಂತ ದೊಡ್ಡ ಕಡತ ಅದರಲ್ಲಿ ಕೂರುವುದಿಲ್ಲ, ಅಲ್ಲಿಗೆ ರೆಕಾರ್ಡಿಂಗ್ ತುಂಡಾಗುತ್ತದೆ.

ಚಿತ್ರಕ್ಕಿಂತ ಹೆಚ್ಚು ತೊಂದರೆ ಕೊಡುವುದು ಸದ್ದು. ದೂರ ಎರಡು ಪಟ್ಟಾದಾಗ ನೇರವಾಗಿ ಬರುವ ದನಿ ಸುಮಾರು 6 ಡೆಸಿಬೆಲ್ ಇಳಿಯುತ್ತದೆ. ಫ್ಯಾನಿನ ಸದ್ದು, ಹೆದ್ದಾರಿಯ ಸದ್ದು ಮಾತ್ರ ಇಳಿಯುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇದಕ್ಕೆ ಮಳೆಯೂ ಸೇರುತ್ತದೆ. ವರ್ಷಕ್ಕೆ ಸುಮಾರು 4000 ಮಿ.ಮೀ. ಮಳೆ ಸುರಿಯುವ ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳಲ್ಲಿ, ಹಂಚಿನ ಮಾಡಿನ ಕೆಳಗೆ, ಅದಕ್ಕಿಂತಲೂ ಶೀಟಿನ ಮಾಡಿನ ಕೆಳಗೆ, ಜಡಿಮಳೆ ಹಿಡಿದರೆ ಮೂಲೆಯ ಫೋನಿಗೆ ಒಂದು ಮಾತೂ ಕೇಳದು. ಇದಕ್ಕೆ ದುಬಾರಿ ಮೈಕ್ ಬೇಕಿಲ್ಲ. ಇನ್ನೊಂದು ಫೋನನ್ನು ಬರೇ ಧ್ವನಿ ರೆಕಾರ್ಡಿಂಗಿಗೆ ಹಾಕಿ ಮಧ್ಯದ ಸಾಲಿನ ಬೆಂಚಿನ ಮೇಲೆ, ಕೆಳಗೆ ಮಡಿಸಿದ ಕರವಸ್ತ್ರ ಇಟ್ಟು ಮಲಗಿಸಿಡಿ. ಬಟ್ಟೆ ಇಲ್ಲದಿದ್ದರೆ ಬೆಂಚಿನ ಪ್ರತಿ ಅಲುಗಾಟವೂ ಗುಡುಗಿನಂತೆ ದಾಖಲಾಗುತ್ತದೆ. 40 ನಿಮಿಷದ ಧ್ವನಿ ಕಡತ 40 ಎಂಬಿ ಆಸುಪಾಸು ಇರುತ್ತದೆ. ಎರಡೂ ಚಾಲೂ ಆದ ಮೇಲೆ ಒಮ್ಮೆ ಗಟ್ಟಿಯಾಗಿ ಚಪ್ಪಾಳೆ ತಟ್ಟಿ, ಆಮೇಲೆ ಚಿತ್ರ ಮತ್ತು ಧ್ವನಿಯನ್ನು ಹೊಂದಿಸಲು ಆ ಗುರುತು ಬೇಕು. ಕಾಲರ್ ಮೈಕ್ ಇರುವವರು ಒಂದು ಸಂಗತಿ ನೆನಪಿಡಿ: ಅದು ಶಿಕ್ಷಕಿಯ ದನಿಯನ್ನಷ್ಟೇ ಚೆನ್ನಾಗಿ ಹಿಡಿಯುತ್ತದೆ, ಸೀರೆಯ ಸೆರಗು ತಾಗಿದರೆ ಅದೂ ಇಲ್ಲ. ಮಕ್ಕಳು ಪರಸ್ಪರ ಪಿಸುಗುಟ್ಟಿದ್ದನ್ನು ಕೇಳಿಸುವುದು ಬೆಂಚಿನ ಮೇಲಿನ ಆ ಎರಡನೇ ಫೋನ್.

ಆ ಪಿಸುಮಾತು ನಮ್ಮ ಊರಿನಲ್ಲಿ ಬಹಳ ಮುಖ್ಯ. ಪಾಠ ಕನ್ನಡದಲ್ಲಿ ನಡೆಯುತ್ತದೆ. ಮಕ್ಕಳ ಮನೆಮಾತು ತುಳು, ಕೊಂಕಣಿ, ಬ್ಯಾರಿ ಅಥವಾ ಕುಂದಾಪ್ರ ಕನ್ನಡ. ಉತ್ತರ ಕರ್ನಾಟಕದಿಂದ ದುಡಿಮೆಗೆ ಬಂದ ಕುಟುಂಬಗಳ ಮಕ್ಕಳೂ ಅದೇ ಬೆಂಚಿನಲ್ಲಿರುತ್ತಾರೆ. ಶಿಕ್ಷಕಿಗೆ ಉತ್ತರ ಹೇಳದ ಮಗು ಪಕ್ಕದವಳಿಗೆ ತುಳುವಿನಲ್ಲಿ ಸರಿಯಾದ ಉತ್ತರ ಹೇಳಿರುವುದು ಧ್ವನಿ ಕಡತದಲ್ಲಿ ಸಿಕ್ಕರೆ, ‘ಈ ಮಗು ನಿಧಾನ’ ಎಂಬ ತೀರ್ಪು ಅಲ್ಲಿಗೇ ಬಿದ್ದುಹೋಗುತ್ತದೆ. ಉಳಿಯುವುದು ಬೇರೆಯೇ ಪ್ರಶ್ನೆ: ಅರ್ಥವಾಗಿಲ್ಲವೋ, ಅರ್ಥವಾದದ್ದನ್ನು ಹೇಳುವ ಕನ್ನಡ ಸಿಕ್ಕಿಲ್ಲವೋ? ಎರಡಕ್ಕೂ ಮದ್ದು ಬೇರೆ ಬೇರೆ.

ಇನ್ನೊಂದು. ಕ್ಯಾಮೆರಾ ಕಂಡ ಮಕ್ಕಳು ಮೊದಲ ದಿನ ಕೈಬೀಸುತ್ತಾರೆ, ಕೆಲವರು ಕಲ್ಲಾಗಿ ಕೂರುತ್ತಾರೆ. ಎರಡು ದಿನ ಮೊದಲೇ ಹೋಲ್ಡರನ್ನೂ ಫೋನನ್ನೂ ಅದೇ ಜಾಗದಲ್ಲಿ ಸುಮ್ಮನೆ ಇಟ್ಟು ಪಾಠ ಮಾಡಿ. ಮೂರನೇ ದಿನಕ್ಕೆ ಅದು ಗಡಿಯಾರದಂತೆ ಗೋಡೆಗೆ ಸೇರಿಹೋಗುತ್ತದೆ.

ನೋಡುವುದು ಕಲಿಯಬೇಕಾದ ಕೆಲಸ

ಮೊದಲ ಸಲ ನೋಡಿದಾಗ ಎಲ್ಲರೂ ತಮ್ಮನ್ನೇ ನೋಡುತ್ತಾರೆ. ಸೀರೆಯ ನೆರಿಗೆ, ಕೈಯ ಚಡಪಡಿಕೆ, ಪದೇ ಪದೇ ಬರುವ ‘ಓಕೆ’, ಮತ್ತು ‘ನನ್ನ ದನಿ ಹೀಗಿದೆಯಾ’ ಎಂಬ ಗಾಬರಿ. ದನಿ ಬೇರೆಯಾಗಿ ಕೇಳುವುದಕ್ಕೆ ಕಾರಣವಿದೆ: ನಾವು ಮಾತನಾಡುವಾಗ ನಮ್ಮ ದನಿ ಗಾಳಿಯ ಮೂಲಕವಷ್ಟೇ ಬರದೆ ತಲೆಬುರುಡೆಯ ಎಲುಬಿನ ಮೂಲಕವೂ ಕಿವಿಗೆ ಸೇರುತ್ತದೆ, ರೆಕಾರ್ಡಿಂಗಿನಲ್ಲಿ ಆ ಎರಡನೇ ದಾರಿ ಇಲ್ಲ. ಈ ಮೊದಲ ನೋಟವನ್ನು ತಡೆಯಲು ಹೋಗಬೇಡಿ. ಒಬ್ಬರೇ ಕುಳಿತು, ಏನೂ ಬರೆದುಕೊಳ್ಳದೆ, ಒಮ್ಮೆ ನೋಡಿ ಮುಗಿಸಿ. ಕೆಲಸ ಶುರುವಾಗುವುದು ಎರಡನೇ ಸಲದಿಂದ.

ಇಲ್ಲಿ ಕರಾವಳಿಯ ಕಾಲೇಜುಗಳಲ್ಲಿ ಕಾಣುವ ಒಂದು ಅಡ್ಡದಾರಿಯ ಬಗ್ಗೆ ಹೇಳಲೇಬೇಕು. ‘ಎಂತಕ್ಕೆ ಹೀಗಾಯಿತು?’, ‘ಇದರಲ್ಲಿ ಎಷ್ಟು ಭಾಗ ಉಂಟು?’ ಎಂದು ಪ್ರಶಿಕ್ಷಣಾರ್ಥಿ ಕೇಳಿದ್ದನ್ನು ವೀಕ್ಷಣಾ ಹಾಳೆಯಲ್ಲಿ ‘ಗ್ರಾಮ್ಯ ಭಾಷೆ’ ಎಂದು ಕೆಂಪು ಗೆರೆ ಎಳೆಯುವುದು. ಮಕ್ಕಳಿಗೆ ಹತ್ತಿರದ ಮಾತು ಅದು. ಪ್ರಶ್ನೆ ಮಗುವಿಗೆ ತಟ್ಟಿತೇ ಎಂದು ನೋಡಬೇಕಾದ ಹತ್ತು ನಿಮಿಷ ಉಚ್ಚಾರ ತಿದ್ದುವುದರಲ್ಲಿ ಕಳೆದರೆ ವಿಡಿಯೊ ತೆಗೆದದ್ದು ವ್ಯರ್ಥ. ಗ್ರಾಂಥಿಕ ರೂಪವನ್ನು ಮಕ್ಕಳಿಗೆ ಕಲಿಸಬೇಕು, ಅದು ಬೇರೆ ಕೆಲಸ.

ಇಡೀ 40 ನಿಮಿಷ ನೋಡುವ ಅಗತ್ಯವಿಲ್ಲ. ಪಾಠ ಮುಗಿದ ದಿನವೇ, ನೆನಪು ಹಸಿಯಾಗಿರುವಾಗ, ಎಂಟು ನಿಮಿಷದ ಒಂದು ತುಣುಕು ಆರಿಸಿ. ಚೆನ್ನಾಗಿ ನಡೆಯಿತು ಎನಿಸಿದ ಭಾಗ ಬೇಡ. ಮಕ್ಕಳು ಗೊಂದಲಗೊಂಡ, ತಪ್ಪು ಉತ್ತರ ಬಂದ, ಯೋಜನೆಯಂತೆ ನಡೆಯದ ಭಾಗವೇ ಇರಲಿ. ಒಂದು ಹಾಳೆಯಲ್ಲಿ ಮೂರು ಅಂಕಣ ಎಳೆಯಿರಿ: ಮೊದಲನೆಯದು ಸಮಯ, ಎರಡನೆಯದು ಕಂಡದ್ದು ಮತ್ತು ಕೇಳಿದ್ದು, ಮೂರನೆಯದು ನನಗೆ ಅನಿಸಿದ್ದು. ‘ಮಕ್ಕಳಿಗೆ ಬೇಜಾರಾಗಿತ್ತು’ ಎಂಬುದು ಮೂರನೇ ಅಂಕಣಕ್ಕೆ ಹೋಗಬೇಕು. ‘3 ನಿ. 20 ಸೆ.: ಮೂರನೇ ಬೆಂಚಿನ ಇಬ್ಬರು ಕಿಟಕಿಯಾಚೆ ನೋಡುತ್ತಿದ್ದಾರೆ, ಒಬ್ಬಳು ಪೆನ್ಸಿಲ್ ಚೂಪು ಮಾಡುತ್ತಿದ್ದಾಳೆ’ ಎಂಬುದು ಎರಡನೆಯದಕ್ಕೆ. ಎರಡನೇ ಅಂಕಣ ತುಂಬುವ ಮೊದಲು ಮೂರನೆಯದಕ್ಕೆ ಕೈ ಹಾಕಬಾರದು. ಕೇಳಲು ಸುಲಭ, ಮಾಡಲು ಕಷ್ಟ.

ಒಂದು ಸಲಕ್ಕೆ ಒಂದೇ ಪ್ರಶ್ನೆ ಇಟ್ಟುಕೊಳ್ಳಿ. ಎಲ್ಲವನ್ನೂ ಒಟ್ಟಿಗೆ ನೋಡಲು ಹೊರಟವರಿಗೆ ಏನೂ ಕಾಣುವುದಿಲ್ಲ.

ಮೊದಲ ಪ್ರಶ್ನೆ ಕಾಯುವಿಕೆಯದ್ದಾಗಲಿ. ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಎಷ್ಟು ಹೊತ್ತು ಸುಮ್ಮನಿರುತ್ತಾರೆ? ಮೇರಿ ಬಡ್ ರೋ ಎಂಬ ಸಂಶೋಧಕಿ ಅಮೆರಿಕದ ತರಗತಿಗಳ ಧ್ವನಿಮುದ್ರಣಗಳನ್ನು ಅಳೆದು 1970ರ ದಶಕದಲ್ಲಿ ಹೇಳಿದ್ದು: ಸರಾಸರಿ ಒಂದು ಸೆಕೆಂಡು ಮಾತ್ರ. ಅದನ್ನು ಮೂರು ಸೆಕೆಂಡಿಗೆ ಏರಿಸಿದಾಗ ಮಕ್ಕಳ ಉತ್ತರ ಉದ್ದವಾಯಿತು, ಸುಮ್ಮನಿರುತ್ತಿದ್ದ ಮಕ್ಕಳೂ ಬಾಯಿಬಿಟ್ಟರು. ಕಾಯಬೇಕಾದ ಇನ್ನೊಂದು ಜಾಗವೂ ಇದೆ, ಮಗು ಉತ್ತರ ಹೇಳಿ ನಿಲ್ಲಿಸಿದ ಮೇಲೆ. ಅಲ್ಲಿ ಮೂರು ಸೆಕೆಂಡು ಸುಮ್ಮನಿದ್ದರೆ ಮಗು ತಾನೇ ‘ಯಾಕಂದ್ರೆ…’ ಎಂದು ಮುಂದುವರಿಸುತ್ತದೆ. ತುಣುಕಿನಲ್ಲಿ ಬರುವ ಪ್ರತಿ ಪ್ರಶ್ನೆಗೂ ಇನ್ನೊಂದು ಫೋನಿನ ಸ್ಟಾಪ್‌ವಾಚ್ ಒತ್ತಿ ಎರಡೂ ಅಂತರಗಳನ್ನು ಬರೆದುಕೊಳ್ಳಿ. ಸುಮಾರು ಹೊತ್ತು ಕಾದೆ ಎಂದುಕೊಂಡಿದ್ದು ಒಂದೂವರೆ ಸೆಕೆಂಡು ಎಂದು ತಿಳಿಯುವುದು ಸಂಖ್ಯೆ ಕಣ್ಣೆದುರು ಬಂದಾಗಲೇ.

ಮನೆಮಾತು ತುಳುವಾಗಿರುವ ಮಗುವಿಗೆ ಆ ಮೂರು ಸೆಕೆಂಡಿನಲ್ಲಿ ಎರಡು ಕೆಲಸ ಇರುತ್ತದೆ: ಉತ್ತರ ಹುಡುಕುವುದು, ಅದನ್ನು ಕನ್ನಡಕ್ಕೆ ತರುವುದು. ಐದು ಸೆಕೆಂಡು ಕೊಟ್ಟರೂ ಹೆಚ್ಚಾಗದು.

ಎರಡನೆಯದು ಪ್ರಶ್ನೆಯ ಜಾತಿ. ಎರಡು ನಿಮಿಷದ ಮಾತನ್ನು ಒಂದಕ್ಷರ ಬಿಡದೆ ಬರೆದು ತೆಗೆಯಿರಿ. ಮಕ್ಕಳ ಮಾತು ಒಂದರ ಮೇಲೊಂದು ಬೀಳುವುದರಿಂದ ಇಪ್ಪತ್ತು ನಿಮಿಷ ಹಿಡಿದೀತು. ಫೋನಿನ ಆ್ಯಪಿಗೆ ಬರೆಸೋಣ ಎನಿಸಬಹುದು. ಕನ್ನಡ, ತುಳು, ಇಂಗ್ಲಿಷ್ ಕಲೆಸಿದ ಮಕ್ಕಳ ದನಿಯಲ್ಲಿ ಅದು ಎಡವುತ್ತದೆ, ಮೇಲಾಗಿ ಮಕ್ಕಳ ದನಿಯನ್ನು ಯಾವುದೋ ಕಂಪನಿಯ ಸರ್ವರಿಗೆ ಕಳಿಸಿದಂತಾಗುತ್ತದೆ. ಕೈಯಲ್ಲೇ ಬರೆಯಿರಿ. ಬರೆದ ಹಾಳೆ ಹೀಗಿರಬಹುದು:

– ಎಲೆಗೆ ಹಸಿರು ಬಣ್ಣ ಕೊಡುವುದು ಪತ್ರ…
– ಹರಿತ್ತು!
– ವೆರಿ ಗುಡ್. ಸಸ್ಯ ಆಹಾರ ತಯಾರಿಸುವ ಕ್ರಿಯೆಗೆ ದ್ಯುತಿ…
– ಸಂಶ್ಲೇಷಣೆ!
– ಗೊತ್ತಾಯ್ತಾ?
– ಗೊತ್ತಾಯ್ತು ಟೀಚರ್!

ಕೇಳಲು ತರಗತಿ ಲವಲವಿಕೆಯಿಂದ ತುಂಬಿದೆ. ಹಾಳೆಯಲ್ಲಿ ನೋಡಿದರೆ ಮಕ್ಕಳು ಮಾಡಿದ್ದು ಅರ್ಧ ಪದವನ್ನು ಪೂರ್ತಿ ಮಾಡುವುದು. ಯಾರೂ ಯೋಚಿಸಬೇಕಾಗಿ ಬಂದಿಲ್ಲ. ಮಕ್ಕಳ ಕಡೆ ತಿರುಗಿದ ವಿಡಿಯೊ ಇದ್ದರೆ ಇನ್ನೂ ಒಂದು ಗೋಚರಿಸುತ್ತದೆ: ಆ ಒಕ್ಕೊರಲ ಉತ್ತರ ಐದಾರು ಮಕ್ಕಳದ್ದು, ಉಳಿದವರು ಅರ್ಧ ಸೆಕೆಂಡು ತಡವಾಗಿ ತುಟಿ ಅಲುಗಿಸಿದ್ದಾರೆ. ‘ಗೊತ್ತಾಯ್ತಾ?’ಗೆ ಬೇರೆ ಉತ್ತರವೇ ಇಲ್ಲ. ಗೊತ್ತಾಗದ ಮಗುವೂ ‘ಗೊತ್ತಾಯ್ತು’ ಎಂದೇ ಹೇಳುತ್ತದೆ. ಅದರ ಜಾಗದಲ್ಲಿ ‘ಈ ಗಿಡವನ್ನು ಒಂದು ವಾರ ಕತ್ತಲೆ ಕೋಣೆಯಲ್ಲಿಟ್ಟರೆ ಎಂತ ಆದೀತು? ಪುಸ್ತಕದಲ್ಲಿ ಒಂದು ಸಾಲು ಬರೆಯಿರಿ’ ಎಂದರೆ ಗೊತ್ತಾದದ್ದೂ ಆಗದ್ದೂ ಹೊರಬರುತ್ತದೆ.

ಮೂರನೆಯದು ತಪ್ಪು ಉತ್ತರ. ವಿಡಿಯೊದಿಂದ ಆಗುವ ಅತಿ ದೊಡ್ಡ ಕಲಿಕೆ ಇಲ್ಲಿದೆ ಎಂಬುದು ನಮ್ಮ ನಿಲುವು. ಏಳನೇ ತರಗತಿ, ಭಿನ್ನರಾಶಿ ಪಾಠ ಎಂದಿಟ್ಟುಕೊಳ್ಳಿ. 1/4 ಮತ್ತು 1/3 ಕೂಡಿಸಿದರೆ ಎಷ್ಟು? ಒಬ್ಬ ಹುಡುಗ ‘2/7’ ಎನ್ನುತ್ತಾನೆ. ‘ಅಲ್ಲ. ಬೇರೆ ಯಾರು ಹೇಳ್ತೀರಿ?’ ಇನ್ನೊಬ್ಬಳು ‘7/12’ ಎನ್ನುತ್ತಾಳೆ. ‘ಕರೆಕ್ಟ್.’ ಪಾಠ ಮುಂದೆ ಹೋಯಿತು. ನಾಲ್ಕು ಸೆಕೆಂಡಿನಲ್ಲಿ ಮುಗಿದ ಈ ಘಟನೆ ಪಾಠ ಮಾಡುವವರಿಗೆ ನೆನಪೂ ಉಳಿಯದು, ಸರಿಯುತ್ತರ ಬಂತಲ್ಲ. ವಿಡಿಯೊ ನಿಲ್ಲಿಸಿ ನೋಡಿದರೆ ಮೊದಲ ಹುಡುಗ ತನ್ನ ಪುಸ್ತಕದ 2/7 ಅಳಿಸಿ 7/12 ಬರೆದುಕೊಳ್ಳುತ್ತಿದ್ದಾನೆ. ಉತ್ತರ ಬದಲಾಯಿತು, ಲೆಕ್ಕ ಮಾಡುವ ರೀತಿ ಬದಲಾಗಲಿಲ್ಲ. ಅವನು ಮೇಲಿನ ಅಂಕೆಗಳನ್ನು ಬೇರೆ, ಕೆಳಗಿನ ಅಂಕೆಗಳನ್ನು ಬೇರೆ ಕೂಡಿಸಿದ್ದಾನೆ. ಅದಕ್ಕೊಂದು ತರ್ಕ ಇದೆ, ಮತ್ತು ಬೆಂಚಿನಲ್ಲಿ ಇನ್ನೂ ಹಲವರದು ಅದೇ ತರ್ಕ ಇರಬಹುದು.

ಈಗ ಮೂರನೇ ಅಂಕಣದಲ್ಲಿ ಬರೆಯಬೇಕಾದದ್ದು: ಆ ಕ್ಷಣ ಮತ್ತೆ ಬಂದರೆ ನಾನು ಏನು ಕೇಳುತ್ತೇನೆ? ‘ಹೇಗೆ ಬಂತು ಹೇಳು’ ಎಂಬುದು ಮೊದಲ ಮಾತು. ಆಮೇಲೆ ಅವನ ದಾರಿಯಲ್ಲೇ ಹೋಗಿ, ‘ಹಾಗಾದರೆ 1/2 ಮತ್ತು 1/2 ಕೂಡಿಸು’ ಎನ್ನಿ. ಅವನ ಲೆಕ್ಕದಲ್ಲಿ 2/4 ಬರುತ್ತದೆ, ಅಂದರೆ ಅರ್ಧ. ಅರ್ಧ ಬನ್ಸಿಗೆ ಇನ್ನರ್ಧ ಬನ್ಸ್ ಸೇರಿಸಿದರೂ ಅರ್ಧವೇ ಉಳಿಯಿತೇ? ಇಲ್ಲಿ ಹುಡುಗನೇ ತಡೆದು ನಿಲ್ಲುತ್ತಾನೆ. ಮರುದಿನದ ಪಾಠ ಇಲ್ಲಿಂದ ಶುರುವಾಗಬೇಕು. ಮೈಕ್ರೋ ಟೀಚಿಂಗಿನ ಮರುಯೋಜನೆಯ 12 ನಿಮಿಷ ಇಂಥ ಕೆಲಸಕ್ಕೇ ಇರುವುದು. ಶಾಲೆಯಲ್ಲಿ ಅದೇ ಪಾಠವನ್ನು ಅದೇ ಮಕ್ಕಳಿಗೆ ಮತ್ತೆ ಮಾಡಲಾಗದು, ಆದರೆ ಮುಂದಿನ ಪಿರಿಯಡ್ಡಿನ ಮೊದಲ ಐದು ನಿಮಿಷ ನಿಮ್ಮದೇ.

ತರಗತಿಯ ಆಸನದ ನಕ್ಷೆ ಬಿಡಿಸಿ, ಶಿಕ್ಷಕಿ ಹೆಸರು ಹಿಡಿದು ಕೇಳಿದ ಪ್ರತಿ ಮಗುವಿನ ಜಾಗಕ್ಕೂ ಒಂದು ಗೆರೆ ಹಾಕುವುದು ಇನ್ನೊಂದು ಸರಳ ಉಪಾಯ. ಗೆರೆಗಳು ಮುಂದಿನ ಎರಡು ಬೆಂಚು ಮತ್ತು ನಡುವಿನ ಸಾಲಿನಲ್ಲಿ ಗುಂಪುಗೂಡಿದ್ದರೆ, ಹುಡುಗಿಯರ ಬದಿ ಖಾಲಿ ಇದ್ದರೆ, ಬೇರೆ ವ್ಯಾಖ್ಯಾನ ಬೇಕಾಗದು.

ತರಗತಿಯ ಮಾತುಕತೆಯನ್ನು ಅಳೆಯುವ ಫ್ಲ್ಯಾಂಡರ್ಸ್ ಅವರ ಹತ್ತು ವರ್ಗಗಳ ಪದ್ಧತಿ ಬಿ.ಇಡಿ. ಪುಸ್ತಕಗಳಲ್ಲಿ ದಶಕಗಳಿಂದ ಇದೆ. ಪ್ರತಿ ಮೂರು ಸೆಕೆಂಡಿಗೊಂದು ಗುರುತು. ಒಂದರಿಂದ ಏಳರವರೆಗೆ ಶಿಕ್ಷಕರ ಮಾತು, ಎಂಟು ಒಂಬತ್ತು ಮಕ್ಕಳ ಮಾತು, ಹತ್ತು ಮೌನ ಅಥವಾ ಗೊಂದಲ. ಹತ್ತು ನಿಮಿಷಕ್ಕೆ 200 ಗುರುತು. ತರಗತಿಯಲ್ಲಿ ಕುಳಿತು ಇದನ್ನು ಮಾಡಲು ಸಾಕಷ್ಟು ತರಬೇತಿ ಬೇಕು, ವಿಡಿಯೊ ಇದ್ದರೆ ನಿಲ್ಲಿಸಿ ನಿಲ್ಲಿಸಿ ಯಾರೂ ಮಾಡಬಹುದು. ಪರೀಕ್ಷೆಯ ಪ್ರಶ್ನೆಯಾಗಿ ಓದಿದ್ದನ್ನು ಒಮ್ಮೆಯಾದರೂ ತಮ್ಮದೇ ಪಾಠದ ಮೇಲೆ ಮಾಡಿ ನೋಡಲಿ. ಮಿತಿಯೊಂದನ್ನು ಗಮನಿಸಬೇಕು: ಗುಂಪು ಚಟುವಟಿಕೆಗೆ ಇದು ಒಗ್ಗದು. ಆರು ಗುಂಪು ಒಟ್ಟಿಗೆ ಮಾತನಾಡುವಾಗ ಎಲ್ಲವೂ ಹತ್ತನೇ ವರ್ಗಕ್ಕೇ ಬಿದ್ದು, ಒಳ್ಳೆಯ ಪಾಠ ಕೆಟ್ಟದಾಗಿ ಕಾಣುತ್ತದೆ.

ಜೊತೆಗೆ ಕುಳಿತು ನೋಡುವಾಗ

ಮೂರು ನಾಲ್ಕು ಜನರ ಗುಂಪು ಸಾಕು. ಪಾಠ ಮಾಡಿದವರೇ ನಾಲ್ಕೈದು ನಿಮಿಷದ ತುಣುಕು ತರಬೇಕು, ಜೊತೆಗೆ ಮಕ್ಕಳ ನಾಲ್ಕೈದು ಪುಸ್ತಕಗಳ ಆ ದಿನದ ಪುಟವನ್ನೂ. ‘ನನಗೆ ಇಲ್ಲಿ ಗೊತ್ತಾಗಬೇಕಾದದ್ದು ಇದು’ ಎಂದು ಅವರೇ ಪ್ರಶ್ನೆ ಇಡಬೇಕು. ಮೊದಲ ಸುತ್ತಿನಲ್ಲಿ ಎಲ್ಲರೂ ಕಂಡದ್ದನ್ನಷ್ಟೇ ಹೇಳುವುದು. ‘ಚೆನ್ನಾಗಿತ್ತು’, ‘ಹೀಗೆ ಮಾಡಬೇಕಿತ್ತು’ ಎರಡೂ ಬೇಡ. ಎರಡನೇ ಸುತ್ತಿನಲ್ಲಿ ಮಗು ಏನು ಯೋಚಿಸಿರಬಹುದು ಎಂಬ ಊಹೆ. ಮೂರನೆಯದರಲ್ಲಿ ಮುಂದಿನ ಹೆಜ್ಜೆ. ಉಪನ್ಯಾಸಕರು ಕೊನೆಗೆ ಮಾತನಾಡಲಿ. ಅವರು ಮೊದಲು ಬಾಯಿ ತೆರೆದರೆ ಉಳಿದವರು ತಲೆದೂಗುತ್ತಾರೆ. ಮಾರ್ಗದರ್ಶಿ ಶಿಕ್ಷಕರನ್ನು ಕರೆಯಲು ಸಾಧ್ಯವಾದರೆ ಕರೆಯಿರಿ, ಆ ಮಕ್ಕಳನ್ನು ವರ್ಷವಿಡೀ ನೋಡಿದವರು ಅವರು.

16 ವಾರಕ್ಕೆ ನಾಲ್ಕು ರೆಕಾರ್ಡಿಂಗ್ ಸಾಕು: ಎರಡನೇ, ಐದನೇ, ಒಂಬತ್ತನೇ, ಹದಿಮೂರನೇ ವಾರ. ಒಂದೊಂದಕ್ಕೆ ನೋಡಿ ಬರೆಯುವ ಕೆಲಸ ಒಂದು ಗಂಟೆ ಹಿಡಿಯುತ್ತದೆ. ಪಾಠಯೋಜನೆ, ಚಾರ್ಟ್, ದಾಖಲೆ ಪುಸ್ತಕಗಳ ರಾಶಿಯ ನಡುವೆ ಅದಕ್ಕಿಂತ ಹೆಚ್ಚು ಕೇಳುವುದು ನ್ಯಾಯವಲ್ಲ. ಮತ್ತು ಈ ನಾಲ್ಕು ಗಂಟೆಗೆ ಜಾಗ ಮಾಡಿಕೊಡಲು ಯಾವುದಾದರೊಂದು ದಾಖಲೆ ಪುಸ್ತಕವನ್ನು ಕೈಬಿಡುವ ಧೈರ್ಯ ಕಾಲೇಜಿಗೆ ಬೇಕು.

ಅಂಕ ಬಿದ್ದ ಕೂಡಲೇ

ವಿಡಿಯೊಗೆ ಅಂಕ ಇಟ್ಟರೆ ಏನಾಗುತ್ತದೆ ಎಂಬುದನ್ನು ಊಹಿಸುವುದು ಕಷ್ಟವಲ್ಲ. ನಿನ್ನೆ ಮಾಡಿದ ಪಾಠವನ್ನೇ ಇಂದು ಕ್ಯಾಮೆರಾ ಎದುರು ಮತ್ತೆ ಮಾಡುತ್ತಾರೆ, ಉತ್ತರ ಗೊತ್ತಿರುವವರನ್ನೇ ಎಬ್ಬಿಸುತ್ತಾರೆ, ಮೌನವನ್ನು ಕತ್ತರಿಸುತ್ತಾರೆ. 2/7 ಎಂದ ಹುಡುಗ ಆ ವಿಡಿಯೊದಲ್ಲಿ ಇರುವುದೇ ಇಲ್ಲ. ಪ್ರಶಿಕ್ಷಣಾರ್ಥಿಯನ್ನು ದೂರುವಂತಿಲ್ಲ, ಅಂಕಕ್ಕೆ ತಪ್ಪು ತೋರಿಸಿಕೊಳ್ಳಲು ಯಾರೂ ಹೋಗುವುದಿಲ್ಲ. ಅಮೆರಿಕದಲ್ಲಿ ಇಡಿಟಿಪಿಎ ಎಂಬ ಪರೀಕ್ಷೆ ಇದೇ ಹಾದಿ ಹಿಡಿದಿತ್ತು. ಶಿಕ್ಷಕ ಪರವಾನಗಿಗಾಗಿ ಪಾಠದ ಕೆಲವು ನಿಮಿಷಗಳ ವಿಡಿಯೊ ಮತ್ತು ಬರಹವನ್ನು ಹೊರಗಿನವರ ಮೌಲ್ಯಮಾಪನಕ್ಕೆ ಕಳಿಸಬೇಕಿತ್ತು. ಜಾರ್ಜಿಯಾ 2020ರಲ್ಲಿ, ನ್ಯೂಯಾರ್ಕ್ 2022ರಲ್ಲಿ ಅದರ ಕಡ್ಡಾಯವನ್ನು ಕೈಬಿಟ್ಟವು.

ಅಂಕ ಇಡಲೇಬೇಕೆಂದಿದ್ದರೆ ಮೂರು ಅಂಕಣದ ಹಾಳೆಗೂ ಅದರಿಂದ ಹುಟ್ಟಿದ ಮರುಯೋಜನೆಗೂ ಇಡಿ. ತಪ್ಪನ್ನು ಗುರುತಿಸಿ ಮುಂದಿನ ಪಾಠ ಬದಲಿಸಿದವರಿಗೆ ತಪ್ಪೇ ಇಲ್ಲದ ಪಾಠ ತೋರಿಸಿದವರಿಗಿಂತ ಹೆಚ್ಚು ಅಂಕ ಬರಬೇಕು. ವಿಡಿಯೊ ಕಡತವನ್ನು ಕಾಲೇಜು ಕೇಳಬಾರದು.

ಮಕ್ಕಳ ಮುಖ, ತಂದೆತಾಯಿಯ ಒಪ್ಪಿಗೆ

ಕ್ಯಾಮೆರಾ ಮಕ್ಕಳ ಕಡೆ ತಿರುಗಿದರೆ ಹೊಣೆಯೂ ಹೆಚ್ಚುತ್ತದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ವರ್ಷದೊಳಗಿನ ಎಲ್ಲರನ್ನೂ ಮಕ್ಕಳೆಂದೇ ನೋಡುತ್ತದೆ, ಅವರ ದತ್ತಾಂಶ ಬಳಸುವ ಮೊದಲು ಪಾಲಕರ ಪರಿಶೀಲಿಸಬಹುದಾದ ಒಪ್ಪಿಗೆ ಬೇಕೆನ್ನುತ್ತದೆ. ಕಾನೂನು ಕೇಳದಿದ್ದರೂ ಇದು ಮಾಡಬೇಕಾದ ಕೆಲಸವೇ.

ಕ್ರಮ ಹೀಗಿರಲಿ. ಕಾಲೇಜಿನ ಪತ್ರದೊಂದಿಗೆ ಮೊದಲು ಮುಖ್ಯೋಪಾಧ್ಯಾಯರು, ಸರ್ಕಾರಿ ಶಾಲೆಯಾದರೆ ಎಸ್‌ಡಿಎಂಸಿ (ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ). ಆಮೇಲೆ ಮನೆಗೆ ಒಂದು ಪುಟದ ಸರಳ ಕನ್ನಡದ ಪತ್ರ: ಯಾಕೆ ತೆಗೆಯುತ್ತೇವೆ, ಯಾರು ಯಾರು ನೋಡುತ್ತಾರೆ, ಎಲ್ಲಿ ಇಡುತ್ತೇವೆ, ಯಾವ ತಾರೀಕಿಗೆ ಅಳಿಸುತ್ತೇವೆ, ಬೇಡವೆಂದರೆ ಮಗುವಿಗೆ ಏನೂ ತೊಂದರೆಯಿಲ್ಲ. ಕನ್ನಡ ಓದಲು ಬಾರದ ಮನೆಗಳಿಗೆ ಬಾಯಿಮಾತಿನಲ್ಲಿ ತಿಳಿಸಿಯೇ ಸಹಿ ಪಡೆಯಬೇಕು. ಒಪ್ಪದ ಪಾಲಕರ ಮಕ್ಕಳನ್ನು ಕೋಣೆಯಿಂದ ಹೊರಗೆ ಕಳಿಸಬೇಡಿ. ಕ್ಯಾಮೆರಾ ಇರುವ ಮೂಲೆಯ ಪಕ್ಕದ ಸಾಲು ಚೌಕಟ್ಟಿಗೆ ಬರುವುದಿಲ್ಲ. ಇಡೀ ತರಗತಿಯ ಜಾಗ ಬದಲಿಸುವ ನೆಪದಲ್ಲಿ, ಯಾರಿಗೂ ಎದ್ದು ಕಾಣದಂತೆ, ಅವರನ್ನು ಅಲ್ಲಿಗೆ ಕೂರಿಸಿ. ಅವರ ದನಿ ಧ್ವನಿ ಕಡತದಲ್ಲಿ ಬಾರದಂತೆ ಎರಡನೇ ಫೋನನ್ನೂ ಅವರಿಂದ ದೂರವಿಡಿ. ಮಕ್ಕಳನ್ನೂ ಕೇಳಿ. ಆರನೇ ತರಗತಿಯ ಮಗುವಿಗೆ ತನ್ನ ಮುಖದ ಬಗ್ಗೆ ಅಭಿಪ್ರಾಯ ಇರುತ್ತದೆ.

ಸೋರಿಕೆ ಹೆಚ್ಚಾಗಿ ಆಗುವುದು ದುರುದ್ದೇಶದಿಂದಲ್ಲ, ಫೋನಿನ ಅಭ್ಯಾಸದಿಂದ. ಗೂಗಲ್ ಫೋಟೋಸ್ ತಾನಾಗಿ ಬ್ಯಾಕಪ್ ಮಾಡುತ್ತಿದ್ದರೆ ತರಗತಿಯ ಮಕ್ಕಳೆಲ್ಲ ಕ್ಲೌಡಿಗೆ ಹೋದರೆಂದೇ ಲೆಕ್ಕ; ರೆಕಾರ್ಡ್ ಮಾಡುವ ಮೊದಲೇ ಅದನ್ನು ಆಫ್ ಮಾಡಿ. ಅಳಿಸಿದ ಮೇಲೂ ಕಡತ ಅನುಪಯುಕ್ತ ಪೆಟ್ಟಿಗೆಯಲ್ಲಿ ಕೂತಿರುತ್ತದೆ, ಬ್ಯಾಕಪ್ ಆದದ್ದು 60 ದಿನ, ಆಗದ್ದು 30 ದಿನ. ಅಲ್ಲಿಂದಲೂ ತೆಗೆಯಬೇಕು. ಸಹಪಾಠಿಗಳಿಗೆ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಬೇಡಿ, ಒಂದೇ ಲ್ಯಾಪ್‌ಟಾಪಿನಲ್ಲಿ ಕೂಡಿ ನೋಡಿ. ‘ಮೈ ಫಸ್ಟ್ ಕ್ಲಾಸ್’ ಎಂದು ಸ್ಟೇಟಸ್ ಹಾಕುವ ಆಸೆ ಸಹಜ. ಅದಕ್ಕೆ ಖಾಲಿ ತರಗತಿಯ ಹಲಗೆಯ ಫೋಟೊ ಇದೆ.

ತುಣುಕಿನ ಚರ್ಚೆ ಮುಗಿದ ಮೇಲೆ ಒಂದು ವಾರದ ಅವಧಿ ಇಟ್ಟುಕೊಳ್ಳಿ. ಮೊದಲ ರೆಕಾರ್ಡಿಂಗನ್ನು ಹದಿಮೂರನೇ ವಾರದ್ದಕ್ಕೆ ಹೋಲಿಸಬೇಕೆನಿಸಿದರೆ ಒಪ್ಪಿಗೆ ಪತ್ರದಲ್ಲೇ ಇಂಟರ್ನ್‌ಶಿಪ್ ಮುಗಿಯುವ ತಾರೀಕನ್ನು ಬರೆಯಬೇಕು. ಆ ತಾರೀಕಿಗೆ ಮಾರ್ಗದರ್ಶಿ ಶಿಕ್ಷಕರ ಎದುರಿನಲ್ಲೇ ಅಳಿಸಿ, ಪತ್ರದ ಪ್ರತಿಯ ಮೇಲೆ ‘ಅಳಿಸಲಾಗಿದೆ’ ಎಂದು ಬರೆದು ಇಬ್ಬರೂ ಸಹಿ ಹಾಕಿ ಶಾಲೆಗೆ ಕೊಡಬೇಕು. ಮೂರು ಅಂಕಣದ ನಾಲ್ಕು ಹಾಳೆಗಳಲ್ಲಿ ಮಕ್ಕಳ ಹೆಸರಿನ ಬದಲು ಬೆಂಚಿನ ಸಂಖ್ಯೆ ಇದ್ದರೆ ಅವನ್ನು ಪ್ರಶಿಕ್ಷಣಾರ್ಥಿ ತಮ್ಮೊಂದಿಗೆ ಒಯ್ಯಬಹುದು.